ಒಂಬತ್ತನೇ ರೀಲು, ಹತ್ತನೇ ರೀಲು

ಈಗ ಸಿನಿಮಾ ತೋರಿಸುವ ಕೆಲಸಕ್ಕೆ ಸೇರುವವರಿಗೆ ರೀಲು ಗೊತ್ತಿಲ್ಲ, ಮಿಷನ್ನಿನ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿ ಗೊತ್ತಿಲ್ಲ, ಫಿಲಂ ಅಂಟಿಸುವ ಸಿಮೆಂಟಿನ ವಾಸನೆ ಕೈಗೆ ಹತ್ತಿಕೊಂಡು ಮುದ್ದೆ ತಿನ್ನುವಾಗಲೂ ಬಿಡದೆ ಕಾಡುವುದು ಗೊತ್ತಿಲ್ಲ. ಮೊನ್ನೆ ಅಂಥ ಒಬ್ಬಳು ಹುಡುಗಿ ಕಂಪ್ಯೂಟರ್ ಮುಂದೆ ಕೂತು, ಒಂದು ಗುಂಡಿ ಒತ್ತಿ ಆಟ ಶುರುಮಾಡಿ, ನನ್ನ ಕಡೆ ತಿರುಗಿ ಕೇಳಿದಳು: "ಅಂಕಲ್, ನೀವು ಇಪ್ಪತ್ತೆಂಟು ವರ್ಷ ಈ ಗೂಡಲ್ಲಿ ಕೂತು ಏನ್ ಮಾಡ್ತಿದ್ರಿ?" ಬೈಯೋಣ ಅನ್ನಿಸಿತು. ಒಳ್ಳೆ ಹುಡುಗಿ, ಕಾಫಿ ಬೇರೆ ತರಿಸಿಕೊಟ್ಟಿದ್ದಳು. ಅದಕ್ಕೇ ಬೈಯುವುದನ್ನು ಬಿಟ್ಟು ಬರೆಯುತ್ತಿದ್ದೇನೆ.

ತಿಪಟೂರಿನ ಒಂದು ಟಾಕೀಸಿನಲ್ಲಿ ನಾನು ಆಪರೇಟರ್ ಆಗಿದ್ದೆ. ಟಾಕೀಸಿನ ಹೆಸರು ಬೇಡ. ಅಲ್ಲೀಗ ಮದುವೆ ಮಂಟಪ ಆಗಿದೆ, ನಾನೇ ಮೂರು ಸಲ ಊಟ ಮಾಡಿ ಬಂದಿದ್ದೇನೆ. ಅಸಿಸ್ಟೆಂಟ್ ಆಗಿ ಸೇರಿ ಆಪರೇಟರ್ ಆದದ್ದು, ಸಂಬಳ ಏರಿದ್ದು, ಇವೆಲ್ಲ ಕೇಳಲು ನನ್ನ ಹೆಂಡತಿಗೇ ಬೇಜಾರು. ಕೆಲಸ ಹೇಗಿತ್ತು ಅಂತಷ್ಟೇ ಹೇಳುತ್ತೇನೆ.

ಒಂದು ಸಿನಿಮಾ ಅಂದರೆ ಹದಿನಾಲ್ಕೋ ಹದಿನೈದೋ ರೀಲು. ಒಂದೊಂದು ರೀಲು ಸುಮಾರು ಹತ್ತು ನಿಮಿಷ. ದುಂಡನೆಯ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದವು. ನಮ್ಮ ಗೂಡಿನಲ್ಲಿ, ಅಂದರೆ ಪ್ರೊಜೆಕ್ಟರ್ ಕೋಣೆಯಲ್ಲಿ, ಎರಡು ಮಿಷನ್ನು. ಒಂದರಲ್ಲಿ ರೀಲು ಓಡುವಾಗ ಇನ್ನೊಂದಕ್ಕೆ ಮುಂದಿನ ರೀಲು ಹಾಕಿ ಕಿಂಡಿಯಲ್ಲಿ ಕಣ್ಣಿಟ್ಟು ಕಾಯಬೇಕು. ಪರದೆಯ ಮೇಲ್ಗಡೆ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ಆಗ ಎರಡನೇ ಮಿಷನ್ನಿನ ಮೋಟರು ಹಾಕಬೇಕು. ಇನ್ನೊಂದು ಚುಕ್ಕೆ ಮಿಂಚುತ್ತದೆ, ಆಗ ಇದರ ಬೆಳಕು ಮುಚ್ಚಿ ಅದರ ಬೆಳಕು ತೆರೆಯಬೇಕು. ಕೆಳಗೆ ಕೂತವರಿಗೆ ಇದ್ಯಾವುದೂ ಗೊತ್ತಾಗಬಾರದು. ಊರೆಲ್ಲ ನಾಯಕಿಯ ಕಣ್ಣೀರು ನೋಡುತ್ತಿದ್ದರೆ ನಾವು ಚುಕ್ಕೆ ನೋಡುತ್ತಿರುತ್ತೇವೆ. ಹಾಗಾಗಿ ಆಪರೇಟರ್ ಆದವನು ಒಂದೇ ಚಿತ್ರವನ್ನು ಎಂಬತ್ತು ಸಲ ತೋರಿಸಿದರೂ ಒಂದು ಸಲವೂ ನೆಟ್ಟಗೆ ನೋಡಿರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಕೆಲಸ ಕಲಿಸಿದವರು ಖಾದರ್ ಸಾಬ್ರು. ತೆಳ್ಳನೆ ಮನುಷ್ಯ, ದಪ್ಪ ಕನ್ನಡಕ, ಹೊಗಳಿಕೆ ಅವರ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಎರಡು ಕಟ್ಟಳೆ ಹಾಕಿದ್ದರು. ಒಂದು, ಪ್ರತಿ ರೀಲಿನ ತುದಿಯಲ್ಲಿ ಲೀಡರ್ ಅಂತ ಖಾಲಿ ಪಟ್ಟಿ ಇರುತ್ತದೆ, ಅದರ ಮೇಲೆ ರೀಲಿನ ನಂಬರು. ಮಿಷನ್ನಿಗೆ ಹಾಕುವ ಮೊದಲು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನಂಬರನ್ನು ಜೋರಾಗಿ ಬಾಯಲ್ಲಿ ಹೇಳಬೇಕು. ಎರಡು, ಹೊಸ ಪ್ರಿಂಟು ಬಂದರೆ ಮೊದಲ ಆಟಕ್ಕೆ ಮುಂಚೆ ಖಾಲಿ ಹಾಲಿನಲ್ಲಿ ಪೂರ್ತಿ ಓಡಿಸಿ ನೋಡಬೇಕು. ನಾನು ನಂಬರು ಕೂಗುವಾಗ ಸಾಬ್ರು ಗೂಡಿನ ಹೊರಗೆ ಮೆಟ್ಟಿಲ ಮೇಲೆ ಕೂತು ಬೀಡಿ ಎಳೆಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ನಂಬರು ಸರಿಯಿದ್ದರೆ "ಸರಿ" ಅನ್ನುವರು. ತಪ್ಪಿದರೆ ಏನೂ ಅನ್ನದೆ ಕೆಮ್ಮುವರು. ಆ ಕೆಮ್ಮಿಗೆ ನಾನು ಹೆದರಿದಷ್ಟು ನಮ್ಮಪ್ಪನ ದೊಣ್ಣೆಗೂ ಹೆದರಿರಲಿಲ್ಲ. ರಿಟೈರ್ ಆದ ಮೇಲೂ ಶುಕ್ರವಾರ ಶುಕ್ರವಾರ ಬಂದು ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದರು.

ಮಾಲೀಕರು ಮಲ್ಲಪ್ಪನವರು. ನೊಣವಿನಕೆರೆ ಕಡೆ ದೊಡ್ಡ ತೆಂಗಿನ ತೋಟದವರು, ಸಿನಿಮಾ ಮಾತ್ರ ನೋಡುತ್ತಿರಲಿಲ್ಲ. ಆಟ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಹೊರಗೆ ಬರುವವರ ಮುಖ ನೋಡುವರು. "ಮುಖ ಒದ್ದೆ ಇದ್ರೆ ಎರಡು ವಾರ ಕಣ್ಲಾ ಗಂಗ. ನಗ್ತಿದ್ರೆ ಮೂರು. ಏನೂ ಇಲ್ದೆ ಬಸ್ಸಿಗೆ ಓಡಿದ್ರೆ ಶುಕ್ರವಾರ ಬೇರೆ ಪಿಚ್ಚರ್ ತರ್ಸು" ಅಂತ ನನಗೆ ಹೇಳುವರು. ಅವರ ಅಂದಾಜು ತಪ್ಪಿದ್ದು ನಾನು ಕಂಡದ್ದು ಒಂದೇ ಸಲ.

ಬಸ್ಸಿನ ಮಾತು ಬಂತು. ಕೊಬ್ಬರಿ ಹರಾಜಿನ ದಿನ ಮ್ಯಾಟಿನಿಗೆ ಚಿಕ್ಕನಾಯಕನಹಳ್ಳಿ ಕಡೆಯ ರೈತರು ತುಂಬಿಕೊಳ್ಳುವರು. ಹಾಲಿನ ತುಂಬ ಕೊಬ್ಬರಿಯ ಕಂಪು. ಆದರೆ ಅವರ ಬಸ್ಸು ಹೊರಡುವುದು ಐದಕ್ಕೆ. ಚಿತ್ರ ಉದ್ದ ಇದ್ದರೆ ಕೊನೆಯ ಹೊಡೆದಾಟದ ನಡುವೆಯೇ ಅರ್ಧ ಹಾಲು ಎದ್ದು ಹೋಗುವುದು. ಅದಕ್ಕೆ ನಾನು ಹರಾಜಿನ ದಿನ ಮಾತ್ರ ಒಂದು ಹಾಡನ್ನು ಹಾರಿಸಿಬಿಡುತ್ತಿದ್ದೆ. ಒಂದು ಸಲ ಹುಳಿಯಾರು ರಸ್ತೆ ಕಡೆಯ ಗೌಡರೊಬ್ಬರು ಹೆಂಡತಿಯನ್ನು ಕರೆದುಕೊಂಡು ಸೀದಾ ಗೂಡಿಗೇ ಬಂದರು. ಗೌಡರು ನೋಡಿದ್ದು ಹರಾಜಿನ ದಿನ, ಆಯಮ್ಮ ನೋಡಿದ್ದು ಭಾನುವಾರ. "ತೊಟ್ಟಿಲ ಹಾಡು ಇತ್ತೋ ಇಲ್ವೋ ನೀವೇ ಹೇಳ್ರೀ. ವಾರದಿಂದ ಮನೇಲಿ ಇದೇ ಆಗೋಯ್ತು" ಅಂದರು. ಇಬ್ಬರದೂ ನಿಜ ಅಂದೆ. ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿ ಹೋದರು. ಒಂದೇ ಚಿತ್ರವನ್ನು ಇಬ್ಬರು ಎರಡು ಥರ ನೋಡಿರಬಹುದು ಅಂತ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಕೆಟ್ಟೆ.

ಎರಡು ಸಾವಿರ ಇಸವಿ ಕಳೆದು ಒಂದೆರಡು ವರ್ಷಕ್ಕೆ ನಮ್ಮ ಟಾಕೀಸಿನ ಪಕ್ಕದ ಮಳಿಗೆಯಲ್ಲಿ ಸುಜಾತ ಅನ್ನುವ ಹೆಣ್ಣುಮಗಳು ಬ್ರೌಸಿಂಗ್ ಸೆಂಟರ್ ತೆರೆದಳು. ನಾಲ್ಕು ಕಂಪ್ಯೂಟರು, ನಡುನಡುವೆ ಪ್ಲೈವುಡ್ಡಿನ ಅಡ್ಡ, ಬಾಗಿಲಲ್ಲಿ "ಚಪ್ಪಲಿ ಹೊರಗೆ ಬಿಡಿ" ಅಂತ ಬೋರ್ಡು. ಜನ ದೇವಸ್ಥಾನಕ್ಕೆ ಬಂದ ಹಾಗೆ ಚಪ್ಪಲಿ ಬಿಟ್ಟು, ಕೈ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದರು. ಸುಜಾತಳಿಗೆ ಸಿನಿಮಾ ಅಂದರೆ ಪ್ರಾಣ. ಪರದೆ ಮೇಲೆ ಚೂರು ಅಲುಗಿದರೆ ಮಾರನೇ ದಿನ ಗೂಡಿಗೆ ಬಂದು ದೂರು ಹೇಳುವಳು. ಅವಳೇ ನನ್ನನ್ನು ಆ ಬಳಗಕ್ಕೆ ಸೇರಿಸಿದ್ದು.

ಬೆಂಚ್ ಕ್ಲಾಸ್ ಬಳಗ ಅಂತ ಅದರ ಹೆಸರು. ಇ-ಮೇಲಿನಲ್ಲೇ ನಡೆಯುವ ಗುಂಪು. ಬೇರೆ ಬೇರೆ ಊರಿನ ಸಿನಿಮಾ ಹುಚ್ಚರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆಗ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡಿಸುವುದು ಕಷ್ಟ, ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವರು. ನಾನು ಹೇಳುವುದು, ಸುಜಾತ ಟೈಪ್ ಮಾಡುವುದು. ವರ್ಷಕ್ಕೊಂದು ಸಲ, ಜನವರಿಯಲ್ಲಿ, ಹಿಂದಿನ ವರ್ಷದ ಒಳ್ಳೆಯ ಚಿತ್ರ ಯಾವುದು ಅಂತ ಓಟು ಹಾಕುವರು. ಬಹುಮಾನ ಇಲ್ಲ, ಹಾರ ಇಲ್ಲ, ಪೇಪರಿನಲ್ಲಿ ಒಂದು ಸಾಲೂ ಬರುವುದಿಲ್ಲ. ಆದರೂ ಎಲೆಕ್ಷನ್ನಿಗಿಂತ ಬಿಸಿ. ಯಜಮಾನಿಕೆ ಪದ್ಮನಾಭಯ್ಯ ಅನ್ನುವವರದು, ಮೈಸೂರಿನವರು, ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆದವರು. ಅವರ ನಿಯಮ ಕಲ್ಲಿನ ಮೇಲೆ ಕೊರೆದ ಹಾಗೆ: ಟಾಕೀಸಿನಲ್ಲೇ ನೋಡಿರಬೇಕು, ಸೀಡಿ, ಟೀವಿ ನಡೆಯುವುದಿಲ್ಲ. ಯಾಕೆ ಮೆಚ್ಚಿದಿರಿ ಅಂತ ಹತ್ತು ಸಾಲು ಬರೆಯಬೇಕು. ನೋಡದೆ ಓಟು ಹಾಕಿದವರ ಹೆಸರನ್ನು ಬಳಗಕ್ಕೆಲ್ಲ ಸಾರಿ ತೆಗೆದುಹಾಕುವುದು.

ನಾನು ಸೇರಿದ ತಕ್ಷಣ ದೊಡ್ಡ ಜಿಜ್ಞಾಸೆ ಎದ್ದಿತು. ಗೂಡಿನ ಕಿಂಡಿಯಿಂದ ನೋಡಿದ್ದು ನೋಡಿದ ಹಾಗೆಯೋ ಅಲ್ಲವೋ? ವಾರಗಟ್ಟಲೆ ವಾದ. ದಾವಣಗೆರೆಯ ಒಬ್ಬರು, ಟಿಕೆಟ್ ತಗೊಂಡಿಲ್ಲ, ಆದ್ದರಿಂದ ನೋಡಿಲ್ಲ ಅಂದರು. ಶಿವಮೊಗ್ಗದ ಒಬ್ಬರು, ಅವರು ತೋರಿಸದಿದ್ದರೆ ಯಾರೂ ನೋಡುವುದಿಲ್ಲ, ಅವರಿಗೆ ಎರಡು ಓಟು ಕೊಡಿ ಅಂದರು. ಕಡೆಗೆ ಪದ್ಮನಾಭಯ್ಯನವರು ತೀರ್ಪು ಕೊಟ್ಟರು: ಅರ್ಧ ಓಟು.

"ಅರ್ಧ ಓಟು ಅಂದ್ರೆ ಹೆಂಗಮ್ಮ ಹಾಕೋದು?" ಅಂತ ಕೇಳಿದೆ.

"ನೀವು ಹೇಳಿ, ನಾನು ಅರ್ಧ ಟೈಪ್ ಮಾಡ್ತೀನಿ" ಅಂದಳು ಸುಜಾತ.

ಇದಾದ ಮಾರನೇ ವರ್ಷ ಬಂತು 'ಧಾರೆಯ ಹೊತ್ತು' ಅನ್ನುವ ಚಿತ್ರ. ಹೆಸರಾದವರು ಒಬ್ಬರೂ ಇಲ್ಲ. ಬೇರೆ ಊರುಗಳಲ್ಲಿ ಮೂರು ದಿನ ಓಡಿ ಬಿದ್ದುಹೋಗಿತ್ತು. ಮಲ್ಲಪ್ಪನವರು, ತರಿಸಬೇಕಿದ್ದ ದೊಡ್ಡ ಚಿತ್ರ ಸಿಗದೆ, ಖಾಲಿ ಬಿಡುವ ಬದಲು ಅಂತ ಇದನ್ನು ತರಿಸಿದರು. ಶುಕ್ರವಾರ ಮ್ಯಾಟಿನಿಗೆ ಅರ್ಧ ಗಂಟೆ ಇರುವಾಗ ಡಬ್ಬಿಗಳು ಬಸ್ಸಿನಿಂದ ಇಳಿದವು. ತೆಗೆದು ನೋಡಿದರೆ ಹೊಟ್ಟೆ ಉರಿಯಿತು. ಯಾರೋ ಪುಣ್ಯಾತ್ಮರು ಎಂಟನೇ ರೀಲಿನಿಂದ ಮುಂದಕ್ಕೆ ಲೀಡರುಗಳನ್ನೇ ಕಿತ್ತುಬಿಟ್ಟಿದ್ದರು. ನಂಬರು ಉಳಿದಿದ್ದದ್ದು ಡಬ್ಬಿಯ ಮುಚ್ಚಳದ ಮೇಲೆ ಮಾತ್ರ. ಖಾಲಿ ಹಾಲಿನಲ್ಲಿ ಓಡಿಸಿ ನೋಡಲು ಹೊತ್ತಿಲ್ಲ. ಸಾಬ್ರು ಅವತ್ತು ಅರಸೀಕೆರೆಗೆ ಮಗಳ ಮನೆಗೆ ಹೋಗಿದ್ದರು. ಮುಚ್ಚಳದ ನಂಬರು ನೋಡಿಕೊಂಡು, ಪ್ರತಿ ರೀಲಿಗೂ ಹೊಸ ಲೀಡರ್ ಅಂಟಿಸಿ, ನನ್ನ ಕೈಯಾರೆ ದಪ್ಪ ಅಕ್ಷರದಲ್ಲಿ ನಂಬರು ಬರೆದೆ. ಎಷ್ಟು ಚೆನ್ನಾಗಿ ಬರೆದೆ ಅಂದರೆ ನನಗೇ ಹೆಮ್ಮೆಯಾಯಿತು.

ಕಥೆ ಇಷ್ಟು. ಸೋಮಣ್ಣ ಬಸ್ ಡ್ರೈವರು. ಅಪ್ಪ ಇಲ್ಲ. ತಂಗಿಯ ಮದುವೆಗೆ ಧಾರೆ ಎರೆದುಕೊಡಬೇಕಾದವನು ಅವನೇ. ಮದುವೆಯ ಬೆಳಿಗ್ಗೆ, ಒಂದು ಟ್ರಿಪ್ ಮುಗಿಸಿ ಧಾರೆ ಹೊತ್ತಿಗೆ ಬಂದುಬಿಡುತ್ತೇನೆ ಅಂತ ಡ್ಯೂಟಿಗೆ ಹೋಗುತ್ತಾನೆ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿಗೆ ಹೆರಿಗೆ ನೋವು ಶುರುವಾಗುತ್ತದೆ. ಅವನು ಬಸ್ಸನ್ನು ಆಸ್ಪತ್ರೆಗೆ ತಿರುಗಿಸುತ್ತಾನೆ. ಇತ್ತ ಮಂಟಪದಲ್ಲಿ ಮುಹೂರ್ತ ಮೀರಿ ಚಿಕ್ಕಪ್ಪ ಧಾರೆ ಎರೆಯುತ್ತಾನೆ. ಸೋಮಣ್ಣ ಕೊಳೆಯಾದ ಅಂಗಿಯಲ್ಲಿ ಬಂದು ನಿಂತರೆ ನೆಂಟರೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ತಂಗಿ ಮುಖ ತಿರುಗಿಸುತ್ತಾಳೆ. ಅವನು ಯಾಕೆ ತಡವಾಯಿತು ಅಂತ ಒಂದು ಮಾತೂ ಹೇಳುವುದಿಲ್ಲ.

ಮೊದಲ ಆಟಕ್ಕೆ ಹಾಲಿನಲ್ಲಿ ಹದಿನೈದು ಜನ ಇದ್ದರೆ ಹೆಚ್ಚು. ಸೋಮಣ್ಣ ತಲೆ ತಗ್ಗಿಸಿ ಬೈಸಿಕೊಳ್ಳುವಾಗ ಬೆಂಚಿನಿಂದ ಒಬ್ಬ ಎದ್ದು ನಿಂತು ಕೂಗಿದ: "ಹೇಳ್ಲಾ ಸೋಮಣ್ಣ! ಬಾಯ್ ಬುಟ್ ಹೇಳ್ಲಾ!" ನಾನು ಗೂಡಿನಲ್ಲಿ ಬೆಚ್ಚಿದೆ. ಮರುದಿನ ಐವತ್ತು ಜನ ಕೂಗಿದರು. ಭಾನುವಾರ ಹೆಂಗಸರೂ ಕೂಗಿದರು. "ಆಸ್ಪತ್ರೆ ವಿಷ್ಯ ಹೇಳೋ, ಪುಣ್ಯಾತ್ಮ!" ಅಂತ ಒಬ್ಬಜ್ಜಿ ಎದೆ ಹೊಡೆದುಕೊಂಡರು. ಎರಡನೇ ವಾರಕ್ಕೆ ಜನ ಕೂಗುವುದಕ್ಕೇ ಬರತೊಡಗಿದರು. ಧಾರೆಯ ತೆಂಗಿನಕಾಯಿಯ ಮೇಲೂ ಚರ್ಚೆ ಆಯಿತು, ಅದರ ಜುಟ್ಟು ನೋಡಿದರೇ ನಮ್ಮ ಕಡೆಯ ಕಾಯಲ್ಲ ಅಂತ ತೀರ್ಮಾನವಾಯಿತು. ಗೇಟಿನಲ್ಲಿ ನಿಂತ ಮಲ್ಲಪ್ಪನವರಿಗೆ ತಲೆ ಕೆಟ್ಟಿತು. "ಏನ್ಲಾ ಗಂಗ ಇದು? ಮುಖನೂ ಒದ್ದೆ, ನಗ್ತಾನೂ ಅವ್ರೆ. ಇದ್ನ ಎಷ್ಟು ವಾರ ಅಂತ ತಿಳ್ಕಳೋದು?" ಅಂದರು. ಐದು ವಾರ ಓಡಿತು. ಪ್ರತಿ ಆಟದಲ್ಲೂ ನಾನು ಲೀಡರ್ ಬೆಳಕಿಗೆ ಹಿಡಿದು, ಒಂಬತ್ತು, ಹತ್ತು ಅಂತ ಚಾಚೂ ತಪ್ಪದೆ ಕೂಗಿದೆ. ಮುಂದಿನ ಶುಕ್ರವಾರಗಳಲ್ಲಿ ಸಾಬ್ರೂ ಮೆಟ್ಟಿಲ ಮೇಲೆ ಕೂತು "ಸರಿ" ಅಂದರು. ನಮ್ಮಲ್ಲಿ ಮುಗಿದ ಮೇಲೆ ಅದೇ ಪ್ರಿಂಟು, ನನ್ನ ಕೈಬರಹದ ಲೀಡರುಗಳ ಸಮೇತ, ತುರುವೇಕೆರೆಗೆ ಹೋಯಿತು, ಅಲ್ಲಿಂದ ಚಿಕ್ಕನಾಯಕನಹಳ್ಳಿಗೆ ಹೋಯಿತು. ಅಲ್ಲೂ ಜನ ಕೂಗಿದರಂತೆ.

ಜನವರಿ ಬಂತು. ಸುಜಾತ ಟೊಂಕ ಕಟ್ಟಿ ನಿಂತಳು. "ಬಳಗಕ್ಕೆ ಜನ ಸೇರುಸ್ತೀನಿ ಗಂಗಣ್ಣ, ನಮ್ಮ ಸೋಮಣ್ಣನ್ನ ಗೆಲ್ಲಿಸ್ಬೇಕು ಕಣ್ರೀ." ಹದಿನೇಳು ಜನ ಸೇರಿದರು. ಅವರಲ್ಲಿ ಹಾಲ್ಕುರಿಕೆಯ ಶಾರದಮ್ಮ ಮೇಡಂ ಒಬ್ಬರು. ಸ್ಕೂಲಿನಲ್ಲಿ ಪಾಠ ಹೇಳಿ ರಿಟೈರ್ ಆದವರು, ಆ ಚಿತ್ರವನ್ನು ನಾಲ್ಕು ಸಲ ನೋಡಿದವರು. ಚಪ್ಪಲಿ ಹೊರಗೆ ಬಿಟ್ಟು, ಛತ್ರಿ ತೊಡೆಯ ಮೇಲಿಟ್ಟುಕೊಂಡು, ಪಾಠ ಒಪ್ಪಿಸುವಂತೆ ಹತ್ತು ಸಾಲು ಹೇಳಿದರು: "ಅವನು ಆಸ್ಪತ್ರೆಯಲ್ಲಿ ಏನು ಮಾಡಿದ ಎಂದು ನಮಗೆ ಗೊತ್ತು, ಬೈಯುವವರಿಗೆ ಗೊತ್ತಿಲ್ಲ. ಹೇಳಿಬಿಡು ಎಂದು ನಾನು ನಾಲ್ಕು ಸಲವೂ ಬೇಡಿಕೊಂಡೆ. ನಾಲ್ಕು ಸಲವೂ ಅವನು ಹೇಳಲಿಲ್ಲ." ಸುಜಾತ ಕಣ್ಣೊರೆಸಿಕೊಂಡು ಟೈಪ್ ಮಾಡಿದಳು. ಉಳಿದ ಹದಿನಾರು ಜನ ಬರೆಸಿದ್ದೂ ಹೆಚ್ಚು ಕಡಿಮೆ ಇದೇ.

ನಾಲ್ಕು ದಿನಕ್ಕೆ ಪದ್ಮನಾಭಯ್ಯನವರಿಂದ ಪತ್ರ ಬಂತು. ಬಳಗದವರೆಲ್ಲ ಓದುವ ಪತ್ರ. ಸುಜಾತ ನನ್ನನ್ನು ಕರೆಸಿ ಓದಿದಳು. "ತಿಪಟೂರು ಕಡೆಯ ಹದಿನೇಳು ಮತಗಳ ಬಗ್ಗೆ ನನಗೆ ಸಂಶಯವಿದೆ. ಇವರು ಚಿತ್ರವನ್ನು ನೋಡಿಲ್ಲ, ಯಾರೋ ಹೇಳಿದ ಕಥೆ ಕೇಳಿ ಬರೆದಿದ್ದಾರೆ. ಚಿತ್ರದಲ್ಲಿ ಮೊದಲು ಮದುವೆ ಮಂಟಪ. ಸೋಮಣ್ಣ ಯಾಕೆ ತಡವಾಗಿ ಬಂದ ಎಂದು ನೋಡುಗರಿಗೂ ಗೊತ್ತಿರುವುದಿಲ್ಲ. ನಾವೂ ಅವನನ್ನು ಬೈದುಕೊಳ್ಳುತ್ತೇವೆ. ಆಸ್ಪತ್ರೆ ಬರುವುದು ಆಮೇಲೆ. ಮೂರು ದಿನದಲ್ಲಿ ವಿವರಣೆ ಬಾರದಿದ್ದರೆ ಹದಿನೇಳೂ ಹೆಸರನ್ನು ಸಾರಿ ತೆಗೆದುಹಾಕುತ್ತೇನೆ."

"ಏ, ಅದೆಂಗೆ? ಆಸ್ಪತ್ರೆ ಮೊದ್ಲು ಬತ್ತದೆ ಕಣಮ್ಮ" ಅಂದೆ ನಾನು, ಜೋರಾಗಿ.

ಅಂದವನು ಅಲ್ಲೇ ನಿಂತೆ. ಮಂಟಪ ಇದ್ದದ್ದು ಹತ್ತನೇ ರೀಲಿನಲ್ಲಿ. ಆಸ್ಪತ್ರೆ ಒಂಬತ್ತರಲ್ಲಿ. ನಾನು ಬರೆದ ಒಂಬತ್ತು, ನಾನು ಬರೆದ ಹತ್ತು. ಯಾರೋ ಮುಚ್ಚಳ ಅದಲುಬದಲು ಮಾಡಿದ್ದರು, ನಾನು ಅದನ್ನೇ ನಂಬಿ ಖಾಯಂ ಮಾಡಿದ್ದೆ. ಮೂರು ತಾಲ್ಲೂಕು ನನ್ನ ತಪ್ಪನ್ನು ದುಡ್ಡು ಕೊಟ್ಟು ನೋಡಿತ್ತು. ಸುಜಾತಳಿಗೆ ಏನೂ ಹೇಳದೆ ಗೂಡಿಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ಇಪ್ಪತ್ತು ವರ್ಷಕ್ಕೂ ಮೇಲೆ ಒಂದು ರೀಲೂ ಹಿಂದುಮುಂದಾಗಿಲ್ಲ ಅನ್ನುವುದು ನನ್ನ ಜಂಬ. ಊರಿನಲ್ಲಿ ನನಗೆ ಇದ್ದ ಮರ್ಯಾದೆಯೂ ಅದೇ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಪ್ರಿಂಟು ವಾಪಸ್ ಹೋಗಿದೆ. ಎರಡು ದಿನ ಸುಮ್ಮನೇ ಇದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ಬೆಳಿಗ್ಗೆ ಶಾರದಮ್ಮ ಮೇಡಂ ಬಸ್ಸಿಳಿದು ಬಂದರು. ಸುಜಾತಳ ಅಂಗಡಿಯಲ್ಲಿ ಪತ್ರವನ್ನು ತಾವೇ ಎರಡು ಸಲ ಓದಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಸುಳ್ಳು ಹೇಳ್ಬೇಡಿ ಅಂತ ಮಕ್ಳಿಗೆ ಹೇಳ್ಕೊಟ್ಟು ಹೇಳ್ಕೊಟ್ಟು ನನ್ನ ಆಯುಸ್ಸು ಕಳೀತು" ಅಂದರು. "ಈಗ ನಾನೇ ಸುಳ್ಳಿ ಆಗೋದ್ನಲ್ಲ. ಗಂಗಣ್ಣ, ನೀವಾದ್ರೂ ಬರೀರಿ. ಮೇಲಿನ ಕಿಂಡೀಲಿ ಇದ್ರಲ್ಲ, ನಾನು ನಾಲ್ಕು ಸಲ ಬಂದಿದ್ದು ನಿಮಗೆ ಗೊತ್ತಲ್ವಾ? ನಾನು ನೋಡಿಲ್ವಾ?"

"ಮೇಡಂ, ನೀವು ನೋಡಿದ್ದು ದಿಟ. ನಾನು ತೋರ್ಸಿದ್ದು ತಪ್ಪು" ಅಂದೆ.

ಎಲ್ಲವನ್ನೂ ಹೇಳಿದೆ. ಮುಚ್ಚಳ, ಲೀಡರು, ಶುಕ್ರವಾರದ ಅರ್ಧ ಗಂಟೆ, ಎಲ್ಲ. ಸುಜಾತ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಮೇಡಂ ಛತ್ರಿಯನ್ನು ಗೋಡೆಗೆ ಒರಗಿಸಿದರು. ಬೈಗುಳಕ್ಕೆ ಕಾಯುತ್ತಾ ತಲೆ ತಗ್ಗಿಸಿದೆ, ಥೇಟ್ ಸೋಮಣ್ಣನ ಹಾಗೆ. ಆದರೆ ಮೇಡಂ ನಗಲು ಶುರುಮಾಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ನಕ್ಕರು. "ಅಯ್ಯೋ ನಿಮ್ಮ! ಹಂಗಾದ್ರೆ ನಾನು ನಾಲ್ಕು ಸಲ ಅತ್ತಿದ್ದು ನಿಮ್ಮ ಪಿಚ್ಚರಿಗಾ?" ಅಂದರು. ಮರುಕ್ಷಣ ಟೀಚರ್ ಆಗಿಬಿಟ್ಟರು. "ಕೂತ್ಕಳಿ ಇಲ್ಲಿ. ಈಗ ಹೇಳಿದ್ನ ಹಂಗೇ ಬರೆಸಿ. ಒಂದಕ್ಷರ ಬಿಡಂಗಿಲ್ಲ."

ಬರೆಸಿದೆ. ಆಪರೇಟರ್ ಗಂಗಾಧರನಾದ ನಾನು, ಒಂಬತ್ತನೇ ರೀಲನ್ನು ಹತ್ತು ಅಂತಲೂ ಹತ್ತನ್ನು ಒಂಬತ್ತು ಅಂತಲೂ ಬರೆದು, ಮೂರು ತಾಲ್ಲೂಕಿಗೆ ಹಾಗೆಯೇ ತೋರಿಸಿದ್ದೇನೆ. ಈ ಹದಿನೇಳು ಜನ ಸುಳ್ಳು ಹೇಳಿಲ್ಲ. ಬೇಕಾದರೆ ನನ್ನ ಅರ್ಧ ಓಟು ತೆಗೆದುಹಾಕಿ, ಅವರದ್ದನ್ನು ಮುಟ್ಟಬೇಡಿ. ಸುಜಾತ ಕಳಿಸುವ ಗುಂಡಿ ಒತ್ತಿದ ಮೇಲೆ ನನಗೆ ಮೈ ಹಗುರಾಯಿತು.

ಸಾಯಂಕಾಲ ಸಾಬ್ರ ಮನೆಗೂ ಹೋಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಖಾಲಿ ಹಾಲಲ್ಲಿ ಓಡ್ಸಿದ್ಯಾ?" ಇಲ್ಲ ಅಂದೆ. ಕೆಮ್ಮಿದರು.

ಮಾರನೇ ದಿನ ಬಳಗದಲ್ಲಿ ಹಬ್ಬ. ಯಾರಿಗೂ ಕೋಪ ಇಲ್ಲ, ಎಲ್ಲರಿಗೂ ತಿಪಟೂರಿನ 'ಧಾರೆಯ ಹೊತ್ತು' ನೋಡಬೇಕಂತೆ! ಯಾವ ಥರ ಇದ್ದರೆ ಮೇಲು ಅಂತ ಎರಡು ಪಂಗಡವೇ ಆಯಿತು. ಪದ್ಮನಾಭಯ್ಯನವರು ಶಾರದಮ್ಮನವರಿಗೆ ಹೆಸರು ಹಿಡಿದು ಕ್ಷಮೆ ಕೇಳಿದರು. ನನಗೆ ಬೇರೆಯಾಗಿ ಒಂದು ಸಾಲು ಬರೆದರು: "ಹದಿನೇಳು ಮತಗಳೂ ಉಳಿಯುತ್ತವೆ. ನಿಮ್ಮ ಅರ್ಧ ಮತವನ್ನು ತೆಗೆದಿದ್ದೇನೆ, ಏಕೆಂದರೆ ನೀವೊಬ್ಬರು ಮಾತ್ರ ಚಿತ್ರವನ್ನು ನೋಡಿಲ್ಲ ಎಂದು ನೀವೇ ಸಾಬೀತು ಮಾಡಿದ್ದೀರಿ." ಲೆಕ್ಕದ ಮೇಷ್ಟ್ರು ಅಂದರೆ ಲೆಕ್ಕದ ಮೇಷ್ಟ್ರೇ. ಆ ವರ್ಷ ನಮ್ಮ ಚಿತ್ರಕ್ಕೆ ಎರಡನೇ ಸ್ಥಾನ ಬಂತು. ಮೊದಲನೇ ಸ್ಥಾನ ಬಂದ ಚಿತ್ರ ನಮ್ಮಲ್ಲಿ ನಾಲ್ಕೇ ದಿನ ಓಡಿತ್ತು, ಅದರ ರೀಲುಗಳನ್ನೆಲ್ಲ ನಾನು ಸರಿಯಾಗೇ ಹಾಕಿದ್ದೆ.

ಇದೆಲ್ಲವನ್ನೂ ಒಬ್ಬರು ಸದ್ದಿಲ್ಲದೆ ಓದುತ್ತಿದ್ದರು ಅಂತ ಆಮೇಲೆ ತಿಳಿಯಿತು. ಆ ಚಿತ್ರದ ನಿರ್ದೇಶಕ, ಕೇಶವ ಅಂತ. ಅವರೂ ಬಳಗದ ಸದಸ್ಯರೇ, ಒಂದು ದಿನವೂ ಬಾಯಿ ಬಿಟ್ಟವರಲ್ಲ. ಫೆಬ್ರವರಿಯಲ್ಲಿ ಒಂದು ಭಾನುವಾರದ ಬೆಳಗಿನ ಆಟಕ್ಕೆ ಅಂತ ಶನಿವಾರವೇ ಖುದ್ದಾಗಿ ಹೊಸ ಪ್ರಿಂಟು ತಂದರು. ಕನ್ನಡಕ ಹಾಕಿದ ಸಣ್ಣ ಆಳು, ಮೂರು ದಿನದಲ್ಲಿ ಬಿದ್ದ ಚಿತ್ರದ ನೋವು ಇನ್ನೂ ಮುಖದಲ್ಲಿತ್ತು. ನಾನು ಕಾಲಿಗೆ ಬೀಳುವುದೊಂದು ಬಾಕಿ.

"ಬೇಜಾರಿಲ್ಲ ಗಂಗಾಧರ್" ಅಂದರು. "ಆದ್ರೆ ನಿಮ್ಮೂರಿನವ್ರು ನನ್ನ ಚಿತ್ರ ನೋಡೇ ಇಲ್ಲ. ಒಂದು ಸಲ ನಾನು ಮಾಡಿದ ಹಾಗೆ ನೋಡ್ಲಿ. ಮೊದಲು ಜನ ಸೋಮಣ್ಣನ್ನ ಬೈಬೇಕು, ಆಮೇಲೆ ಬೈದಿದ್ದಕ್ಕೆ ತಾವೇ ನಾಚ್ಕೋಬೇಕು. ಅದಕ್ಕೋಸ್ಕರ ಎರಡು ವರ್ಷ ಒದ್ದಾಡಿದೀನಿ."

ಈ ಸಲ ಬಿಡಬಾರದು ಅಂತ ಅವತ್ತೇ ಖಾಲಿ ಹಾಲಿನಲ್ಲಿ ಪೂರ್ತಿ ಓಡಿಸಿದೆ, ಮಿಷನ್ನನ್ನು ಅಸಿಸ್ಟೆಂಟಿಗೆ ಒಪ್ಪಿಸಿ, ಸಾಬ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು. ನನ್ನ ಸರ್ವೀಸಿನಲ್ಲಿ ಮೊದಲ ಸಲ ಕುರ್ಚಿಯಲ್ಲಿ ಕೂತು ನೋಡಿದ ಚಿತ್ರ ಅದು. ನಾನೂ ಸೋಮಣ್ಣನನ್ನು ಬೈದುಕೊಂಡೆ, ಆಮೇಲೆ ನಾಚಿಕೊಂಡೆ. ಕೇಶವ ಹೇಳಿದ್ದು ನೂರಕ್ಕೆ ನೂರು ನಿಜ.

ಭಾನುವಾರ ಹಾಲು ಗಿಜಿಗುಟ್ಟುತ್ತಿತ್ತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಯಿಂದಲೂ ಜನ ಬಂದಿದ್ದರು. ಪದ್ಮನಾಭಯ್ಯನವರು ಮೈಸೂರಿನಿಂದ ಬಂದು ಶಾರದಮ್ಮ ಮೇಡಂ ಪಕ್ಕ ಕೂತಿದ್ದರು, ಕೈಯಲ್ಲಿ ಪೆನ್ನು ಬೇರೆ. ಕೇಶವ ಮೂರನೇ ಸಾಲಿನಲ್ಲಿ. ಸಾಬ್ರು ಮೆಟ್ಟಿಲ ಮೇಲೆ. ಎಂಟು ಅಂದೆ, ಸರಿ ಅಂದರು. ಒಂಬತ್ತು ಅಂದೆ, ಸರಿ ಅಂದರು. ಮಂಟಪ ಬಂತು.

ಹಾಲಿನಲ್ಲಿ ಗುಸುಗುಸು ಎದ್ದಿತು. ಆಮೇಲೆ ಶಿಳ್ಳೆ. ಆಮೇಲೆ ಬೆಂಚಿನಿಂದ ಒಂದು ದನಿ: "ಗಂಗಣ್ಣೋ! ರೀಲು ಅದ್ಲುಬದ್ಲು ಆಗೈತೆ ಕಣಣ್ಣೋ!" ಅಲ್ಲಿಗೆ ಹಾಲೆಲ್ಲ ಎದ್ದು ನನ್ನ ಕಿಂಡಿಯ ಕಡೆ ತಿರುಗಿತು. "ಆಸ್ಪತ್ರೆ ಎಲ್ಲಿ? ಆಸ್ಪತ್ರೆ ಹಾಕಿ!" "ವಯಸ್ಸಾಯ್ತು ಬುಡು ಗಂಗಣ್ಣಂಗೆ!" ನೋಡಿ ನನ್ನ ಗತಿ. ತಪ್ಪು ತೋರಿಸಿದಾಗ ಕೊಂಡಾಡಿದ ಜನ, ಸರಿ ತೋರಿಸಿದಾಗ ತಪ್ಪು ಅನ್ನುತ್ತಿದ್ದಾರೆ! ಕೇಶವ ಎದ್ದು ನಿಂತು ಕೈ ಎತ್ತಿ, "ಸ್ವಾಮಿ, ಇದೇ ಸರಿ, ದಯವಿ..." ಅನ್ನುವಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿ, "ಕೂತ್ಕಳಯ್ಯ ನೀನು, ನಿನಗೇನು ಗೊತ್ತು ಸೋಮಣ್ಣನ ವಿಚಾರ" ಅಂದುಬಿಟ್ಟಳು. ಪರದೆಯ ಮೇಲೆ ನೆಂಟರು ಸೋಮಣ್ಣನನ್ನು ಬೈಯುವುದು ಶುರುವಾಗಿತ್ತು. ಹಾಲಿನಲ್ಲಿ ಒಬ್ಬರೂ ಅವನನ್ನು ಬೈಯಲಿಲ್ಲ. ಎಲ್ಲರೂ ನೆಂಟರನ್ನು ಬೈದರು, ನನ್ನನ್ನು ಬೈದರು.

ಕೇಶವ ಏದುಸಿರು ಬಿಡುತ್ತಾ ಗೂಡಿಗೆ ಹತ್ತಿ ಬಂದರು. ಮಿಷನ್ ನಿಲ್ಲಿಸಿ ಹಾಲಿನ ಲೈಟು ಹಾಕಿದೆ.

"ಸಾರ್, ನಿಮ್ದೇ ಸರಿ. ನಾನು ಕೂತು ನೋಡಿದೀನಿ, ಆಣೆ ಮಾಡಿ ಹೇಳ್ತೀನಿ. ನಾನೇ ಕೆಳಗೆ ಹೋಗಿ ಅವ್ರಿಗೆ ತಿಳ್ಸಿ ಹೇಳ್ತೀನಿ" ಅಂದೆ.

ಅವರು ಕಿಂಡಿಯಿಂದ ಕೆಳಗೆ ನೋಡುತ್ತಾ ನಿಂತರು. ಕಣ್ಣು ತುಂಬಿಕೊಂಡಿತ್ತು, ನಗುತ್ತಲೂ ಇದ್ದರು. ಗೇಟಿನಲ್ಲಿ ಮಲ್ಲಪ್ಪನವರು ನೋಡುತ್ತಿದ್ದ ಮುಖ ಇಂಥದ್ದೇ ಇರಬೇಕು.

"ನಂದು ಸರಿ ಅಂತ ನನಗೂ ಗೊತ್ತು ಗಂಗಾಧರ್. ಆದ್ರೆ ಇವ್ರು ಅವನನ್ನ ಬೈಯೋಕೆ ಒಪ್ಪಲ್ಲ ಕಣ್ರೀ. ಅವನು ಯಾಕೆ ತಡ ಆದ ಅಂತ ಇವ್ರಿಗೆ ಗೊತ್ತು. ಗೊತ್ತಿರೋರ ಕೈಲಿ ಹೆಂಗೆ ಬೈಸ್ಲಿ? ಅವ್ರದ್ದೇ ಹಾಕಿ."

ಒಂಬತ್ತನ್ನು ಮಿಷನ್ನಿನಿಂದ ಇಳಿಸಿದೆ. ಮುಂದಿನ ಡಬ್ಬಿ ತೆಗೆದು, ಲೀಡರನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಎಂಟಾದ ಮೇಲೆ ಈ ನಂಬರು ಹೇಳಿದರೆ ಮೆಟ್ಟಿಲ ಮೇಲಿಂದ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು. ಆದರೂ ಕಟ್ಟಳೆ ಕಟ್ಟಳೆಯೇ.

"ಹತ್ತು" ಅಂದೆ, ಜೋರಾಗಿ.

ಮೆಟ್ಟಿಲ ಮೇಲೆ ಕೆಮ್ಮಿಲ್ಲ. ಬೀಡಿ ಹೊಸಕಿದ ಸದ್ದು ಕೇಳಿಸಿತು.

"ಸರಿ" ಅಂದರು ಸಾಬ್ರು.

ಹಾಲಿನ ಲೈಟು ಆರಿಸಿ ಮೋಟರು ಹಾಕಿದೆ.